ಸಿಬ್ಬಂದಿ ವಾರ್ತೆಗೆ ಎಟುಕದ ಕಲಿಕೆ: ಕನ್ನಡ ಅಧ್ಯಾಪಕರ ವೃತ್ತಿ ಬೆಳವಣಿಗೆಯ ಕುರಿತು

ನಮ್ಮ ಪದವಿ ಕಾಲೇಜುಗಳು ಹೊರತರುವ ವಾರ್ಷಿಕ ಸಂಚಿಕೆಗಳಲ್ಲಿ ಪ್ರಾಂಶುಪಾಲರ ಮಾತು, ವಿದ್ಯಾರ್ಥಿ ಸಂಘದ ವರದಿ, ಕ್ರೀಡಾ ವಿಭಾಗದ ವರದಿಗಳ ನಡುವೆ ‘ಸಿಬ್ಬಂದಿ ವಾರ್ತೆ’ ಅಥವಾ ‘ಅಧ್ಯಾಪಕರ ಸಾಧನೆ’ ಎಂಬ ತಲೆಬರಹದ ಒಂದೆರಡು ಪುಟಗಳಿರುತ್ತವೆ. ಯಾರು ವರ್ಗವಾಗಿ ಹೋದರು, ಯಾರು ಬಂದರು, ಯಾರು ನಿವೃತ್ತರಾದರು, ಯಾರಿಗೆ ಡಾಕ್ಟರೇಟ್ ದೊರೆಯಿತು, ಯಾರು ಯಾವ ಪುನಶ್ಚೇತನ ಶಿಬಿರದಲ್ಲಿ ಭಾಗವಹಿಸಿದರು ಎಂಬ ವಿವರಗಳು ಅಲ್ಲಿ ದಾಖಲಾಗುತ್ತವೆ. ಸಾಮಾನ್ಯವಾಗಿ ಯಾರೂ ಗಂಭೀರವಾಗಿ ಓದದ ಪುಟಗಳಿವು. ಆದರೂ ಒಂದು ಕಾಲೇಜು ಅಧ್ಯಾಪಕರ ಬೆಳವಣಿಗೆಯೆಂದರೆ ಏನೆಂದು ಭಾವಿಸಿದೆ, ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದನ್ನು ಇವುಗಳಷ್ಟು ನೇರವಾಗಿ ಹೇಳುವ ದಾಖಲೆ ಬೇರೊಂದಿಲ್ಲ. ಕನ್ನಡ ಅಧ್ಯಾಪಕರಿಗೆ ಇರುವ ವೃತ್ತಿ ಬೆಳವಣಿಗೆಯ ಅವಕಾಶಗಳು ಇಂದು ಯಾವ ಸ್ವರೂಪ ಪಡೆದಿವೆ, ಅವು ತರಗತಿಗೆ ಏನನ್ನು ತಂದುಕೊಡುತ್ತಿವೆ, ಯಾರನ್ನು ಹೊರಗಿಟ್ಟಿವೆ ಎಂಬುದನ್ನು ಈ ಪುಟಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಬರಹದ ಉದ್ದೇಶ.

೧. ಒಂದು ಅನುಭವ

ಸಂಶೋಧನೆಗೆ ನೋಂದಾಯಿಸಿಕೊಂಡ ಬಳಿಕ ಕೆಲಕಾಲ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ವಾರ್ಷಿಕ ಸಂಚಿಕೆಯ ಕೆಲಸ ಎಲ್ಲ ಕಾಲೇಜುಗಳಲ್ಲಿರುವಂತೆ ಅಲ್ಲಿಯೂ ಕನ್ನಡ ವಿಭಾಗದ ಪಾಲಿಗೆ ಬಂದಿತ್ತು. ವಿಭಾಗದಲ್ಲಿ ಕಿರಿಯನಾದ್ದರಿಂದ ಸಿಬ್ಬಂದಿ ವಾರ್ತೆಯನ್ನು ಸಂಗ್ರಹಿಸುವ ಹೊಣೆ ನನಗೆ ಬಿತ್ತು. ಅದು ೨೦೨೦-೨೧ನೆಯ ಶೈಕ್ಷಣಿಕ ವರ್ಷದ ಸಂಚಿಕೆ. ಬಂದ ಮಾಹಿತಿಯಲ್ಲಿ ಬಹುಪಾಲು ಅಂತರಜಾಲದ ಮೂಲಕ ನಡೆದ ವಿಚಾರಸಂಕಿರಣಗಳದ್ದು: ಮೂರು ದಿನದ್ದು, ಐದು ದಿನದ್ದು, ಏಳು ದಿನದ್ದು. ಎಲ್ಲವನ್ನೂ ವಿಭಾಗವಾರು ಜೋಡಿಸಿದೆ.

ನಮ್ಮ ವಿಭಾಗದಲ್ಲಿ ಹದಿನಾಲ್ಕು ವರ್ಷಗಳಿಂದ ಅತಿಥಿ ಉಪನ್ಯಾಸಕಿಯಾಗಿ ದುಡಿಯುತ್ತಿದ್ದ ಹಿರಿಯರೊಬ್ಬರಿದ್ದರು. ೨೦೨೧ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆಯಿಂದ ಕಾಲೇಜು ಮುಚ್ಚಿದಾಗ ಅವರು ಮೊಬೈಲಿನ ಮೂಲಕವೇ ಹಳಗನ್ನಡ ಕಾವ್ಯಭಾಗವೊಂದನ್ನು ಪಾಠ ಮಾಡುತ್ತಿದ್ದರು. ಯುದ್ಧವರ್ಣನೆಯಲ್ಲಿ ಬಂದ ‘ಕಳ’ ಎಂಬ ಪದಕ್ಕೆ ಯುದ್ಧಭೂಮಿ ಎಂಬ ಅರ್ಥವಷ್ಟೇ ಅಲ್ಲ, ಧಾನ್ಯ ಒಕ್ಕುವ ಜಾಗ ಎಂಬ ಅರ್ಥವೂ ಇದೆಯೆಂದೂ ಇಂದಿನ ‘ಕಣ’ ಅದೇ ಪದದ ರೂಪವೆಂದೂ ‘ಚುನಾವಣಾ ಕಣ’ ಎಂದು ಪತ್ರಿಕೆಗಳು ಬರೆಯುವಾಗ ಆ ಹಳೆಯ ಯುದ್ಧಭೂಮಿಯೇ ಮತ್ತೆ ಎದ್ದು ಬರುತ್ತದೆಯೆಂದೂ ವಿವರಿಸಿದರು. ಮನೆಯಲ್ಲೇ ಇದ್ದ ವಿದ್ಯಾರ್ಥಿಗಳಿಗೆ, ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ ಕಣಕ್ಕೆ ಸಂಬಂಧಿಸಿದ ಪದಗಳನ್ನು ಬರೆದು ತನ್ನಿ ಎಂದರು. ಮೇಟಿ, ಹಂತಿ, ಮೆದೆ, ಬಣವೆ, ಜಳ್ಳು, ತೂರುವುದು ಎಂದು ಮೊದಲಾದ ಪಟ್ಟಿ ಊರೂರಿನ ಭೇದಗಳೊಂದಿಗೆ ಬೆಳೆಯಿತು. ಕಾಲೇಜು ಮತ್ತೆ ತೆರೆಯುವ ವೇಳೆಗೆ ಎರಡು ನೋಟ್‌ಬುಕ್ಕುಗಳಷ್ಟು ಪದಸಂಗ್ರಹ ಅವರ ಮೇಜಿನ ಮೇಲಿತ್ತು. ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರವಿ ವಾಹನಗಳ ಚಕ್ರಕ್ಕೆ ಒಡ್ಡುವ ಕಾಲದಲ್ಲಿ ಹುಟ್ಟಿದ ಮಕ್ಕಳು ಸಂಗ್ರಹಿಸಿದ ಪದಗಳವು.

ಆ ಕೆಲಸವನ್ನು ನಾಲ್ಕು ಸಾಲಿನಲ್ಲಿ ಬರೆದು ಸಿಬ್ಬಂದಿ ವಾರ್ತೆಗೆ ಸೇರಿಸಿದೆ. ಕರಡು ನೋಡಿದ ಸಂಚಿಕೆಯ ಸಂಚಾಲಕರು, “ಇಲ್ಲಿ ಕಾಯಂ ಅಧ್ಯಾಪಕರದ್ದು ಮಾತ್ರ ಬರಬೇಕು. ಇದಕ್ಕೆ ಸರ್ಟಿಫಿಕೇಟಾದರೂ ಎಲ್ಲಿದೆ?” ಎಂದು ಆ ಸಾಲುಗಳನ್ನು ಹೊಡೆದುಹಾಕಿದರು. ಅವರ ಮಾತಿನಲ್ಲಿ ದುರುದ್ದೇಶವಿರಲಿಲ್ಲ. ನಿಯಮ ಹೇಳಿದ್ದನ್ನೇ ಅವರೂ ಹೇಳಿದರು. ವಿಷಯ ತಿಳಿಸಿದಾಗ ಆ ಹಿರಿಯರು, “ಬಿಡಿ ಸರ್, ಮುಂದಿನ ವರ್ಷ ನಾವೇ ಇರ್ತೀವೋ ಇಲ್ಲವೋ, ಹೆಸರು ಹಾಕಿ ಏನು ಮಾಡ್ತೀರಿ?” ಎಂದು ನಕ್ಕರು. ಮುಂದೆ ಅವರಿಗೆ ಆ ಕಾಲೇಜು ಸಿಗಲಿಲ್ಲ. ನೋಟ್‌ಬುಕ್ಕುಗಳು ವಿಭಾಗದ ಕಪಾಟಿನಲ್ಲಿ ಉಳಿದವು. ಕೋಣೆಗೆ ಸುಣ್ಣ ಬಳಿದ ವರ್ಷ ಕಪಾಟು ಬೇರೆಡೆಗೆ ಹೋಯಿತು. ಪುಸ್ತಕಗಳು ಎಲ್ಲಿ ಹೋದವೆಂದು ಹೇಳುವವರು ಈಗ ಯಾರೂ ಇಲ್ಲ.

ಈ ಪ್ರಸಂಗವನ್ನು ವೈಯಕ್ತಿಕ ದೂರಿನಂತೆ ಇಲ್ಲಿ ಹೇಳುತ್ತಿಲ್ಲ. ಆ ವರ್ಷ ಆ ಕಾಲೇಜಿನ ಕನ್ನಡ ವಿಭಾಗದಲ್ಲಿ ನಡೆದ ಅತ್ಯುತ್ತಮ ವೃತ್ತಿಪರ ಕೆಲಸವನ್ನು ದಾಖಲಿಸಲು ನಮ್ಮ ದಾಖಲೆಯ ಕ್ರಮದಲ್ಲಿ ಒಂದು ಜಾಗವೂ ಇರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

೨. ಹಿಂದೆ ಕಾಲೇಜೇ ಕಲಿಕೆಯ ನೆಲೆಯಾಗಿದ್ದುದು

ಅಧ್ಯಾಪಕರ ವೃತ್ತಿ ಬೆಳವಣಿಗೆ ಎಂಬ ನುಡಿಗಟ್ಟು ಬಳಕೆಗೆ ಬರುವ ಮೊದಲೂ ಕನ್ನಡ ಅಧ್ಯಾಪಕರು ಬೆಳೆದಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಸಂಪಾದಕತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟದ್ದು ೧೯೧೯ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ವ್ಯಾಸಂಗ ಆರಂಭವಾದದ್ದು ೧೯೨೭ರಲ್ಲಿ. ಎಂದರೆ ವಿಷಯಕ್ಕೆ ಸ್ನಾತಕೋತ್ತರ ಪದವಿಯೇ ಇಲ್ಲದ ಕಾಲದಲ್ಲಿ ಕಾಲೇಜೊಂದರ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಒಟ್ಟಾಗಿ ವಿದ್ವತ್ ಪತ್ರಿಕೆಯೊಂದನ್ನು ಕಟ್ಟಿದ್ದರು. ಅದು ಬಳಿಕ ವಿಶ್ವವಿದ್ಯಾನಿಲಯದ ಪತ್ರಿಕೆಯಾಯಿತು.

ಪ್ರೊ. ಜಿ. ವೆಂಕಟಸುಬ್ಬಯ್ಯನವರು ಬೆಂಗಳೂರಿನ ವಿಜಯಾ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಪ್ರಾಂಶುಪಾಲರಾಗಿ ದುಡಿದವರು. ಅವರು ಪ್ರಧಾನ ಸಂಪಾದಕರಾಗಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾಯಿತು. ಪ್ರಯೋಗಗಳನ್ನು ಆಯ್ದು, ಅರ್ಥಗಳನ್ನು ಬೇರ್ಪಡಿಸಿ, ಕ್ರಮವಾಗಿ ಜೋಡಿಸುವ ಆ ಕೆಲಸಕ್ಕೆ ಬೇಕಾದ ತಾಳ್ಮೆ ಯಾವ ಶಿಬಿರದಲ್ಲಿ ಮೂರು ವಾರ ಕುಳಿತರೂ ದೊರೆಯುವಂಥದಲ್ಲ.

ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ನಿದರ್ಶನ ಇನ್ನೂ ಸ್ಪಷ್ಟವಾಗಿದೆ. ಕು. ಶಿ. ಹರಿದಾಸ ಭಟ್ಟರು ಪ್ರಾಂಶುಪಾಲರಾಗಿದ್ದ ಆ ಕಾಲೇಜಿನ ಪರಿಸರದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು. ಅಲ್ಲಿಂದ ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ತುಳು ನಿಘಂಟಿನ ಆರು ಸಂಪುಟಗಳು ೧೯೮೮ರಿಂದ ೧೯೯೭ರ ಅವಧಿಯಲ್ಲಿ ಹೊರಬಂದವು. ಪದವಿ ಕಾಲೇಜೊಂದು ತನ್ನ ಸುತ್ತಲಿನ ಭಾಷೆ ಮತ್ತು ಜನಪದವನ್ನೇ ಅಧ್ಯಯನದ ವಸ್ತುವಾಗಿಸಿಕೊಂಡರೆ ಅಧ್ಯಾಪಕರ ಬೆಳವಣಿಗೆ ಬೇರೆಡೆ ಹುಡುಕಬೇಕಾದ ವಸ್ತುವಾಗಿ ಉಳಿಯುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಹಿಂದಿನವರೆಲ್ಲ ವಿದ್ವಾಂಸರು, ಇಂದಿನವರು ಅಲ್ಲ ಎಂಬ ಅಗ್ಗದ ಹೋಲಿಕೆ ಇಲ್ಲಿನ ಆಶಯವಲ್ಲ. ಆಗಿನ ಕಾಲೇಜುಗಳ ಸಂಖ್ಯೆ, ವಿದ್ಯಾರ್ಥಿಗಳ ಸಾಮಾಜಿಕ ಹಿನ್ನೆಲೆ, ಅಧ್ಯಾಪಕರಿಗಿದ್ದ ಬಿಡುವು ಎಲ್ಲವೂ ಬೇರೆ. ಅಂದು ಕಾಲೇಜಿನ ಮೆಟ್ಟಿಲನ್ನೇ ಹತ್ತದಿದ್ದ ಸಮುದಾಯಗಳ ಮಕ್ಕಳು ಇಂದು ವಿದ್ಯಾರ್ಥಿಗಳೂ ಅಧ್ಯಾಪಕರೂ ಆಗಿದ್ದಾರೆ. ಇದು ಕನ್ನಡ ಅಧ್ಯಯನಕ್ಕೆ ಆದ ದೊಡ್ಡ ಲಾಭ. ಈ ನಿದರ್ಶನಗಳಿಂದ ಗ್ರಹಿಸಬೇಕಾದುದು ಇಷ್ಟೆ: ಅಲ್ಲಿ ಅಧ್ಯಾಪಕರ ಕಲಿಕೆಗೂ ಕಾಲೇಜಿನ ದೈನಂದಿನ ಕೆಲಸಕ್ಕೂ ನಡುವೆ ಗೋಡೆಯಿರಲಿಲ್ಲ.

೩. ಶಿಬಿರದಿಂದ ಅಂಕಕ್ಕೆ

೧೯೮೬ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ಆರಂಭಿಸಿತು. ಹೊಸದಾಗಿ ಸೇರಿದವರಿಗೆ ನಾಲ್ಕು ವಾರಗಳ ಓರಿಯೆಂಟೇಷನ್, ಅನುಭವವಿದ್ದವರಿಗೆ ಮೂರು ವಾರಗಳ ರಿಫ್ರೆಶರ್ ಎಂಬ ವ್ಯವಸ್ಥೆ ರೂಢಿಗೆ ಬಂತು. ೨೦೧೫ರ ಹೊತ್ತಿಗೆ ಈ ಸಂಸ್ಥೆಗಳು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. ೨೦೨೩ರಿಂದ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರಗಳೆಂದು ಕರೆಸಿಕೊಳ್ಳುತ್ತಿವೆ.

ಈ ಶಿಬಿರಗಳ ಒಳಿತನ್ನು ಮರೆಯಲಾಗದು. ಬೀದರದ ಅಧ್ಯಾಪಕರೂ ಚಾಮರಾಜನಗರದ ಅಧ್ಯಾಪಕರೂ ಒಂದೇ ವಸತಿಗೃಹದಲ್ಲಿ ಮೂರು ವಾರ ಕಳೆದಾಗ ವಚನಗಳ ಓದಿನ ಬಗ್ಗೆ, ಮಂಟೇಸ್ವಾಮಿ ಮಹಾಕಾವ್ಯದ ಬಗ್ಗೆ, ಒಂದೇ ಪದದ ಎರಡು ಉಚ್ಚಾರಣೆಯ ಬಗ್ಗೆ ರಾತ್ರಿಯವರೆಗೂ ನಡೆಯುತ್ತಿದ್ದ ಮಾತುಕತೆಯನ್ನು ಹಿರಿಯ ಅಧ್ಯಾಪಕರು ಇಂದಿಗೂ ನೆನೆಯುತ್ತಾರೆ. ತರಗತಿಯ ಏಕಾಂತದಲ್ಲಿ ಬತ್ತುತ್ತಿದ್ದವರಿಗೆ ಅದು ನಿಜವಾದ ಪುನಶ್ಚೇತನವೇ ಆಗಿತ್ತು.

ಆದರೆ ಶಿಬಿರಗಳು ಬಡ್ತಿಯೊಂದಿಗೆ ಬೆಸೆದುಕೊಂಡಂತೆ ಕಲಿಕೆಗಿಂತ ಹಾಜರಿ ಮುಖ್ಯವಾಯಿತು. ೨೦೧೦ರ ಯುಜಿಸಿ ನಿಯಮಾವಳಿಯು ಶೈಕ್ಷಣಿಕ ಸಾಧನೆಯನ್ನು ಅಂಕಗಳಲ್ಲಿ ಅಳೆಯುವ ಎಪಿಐ ಪದ್ಧತಿಯನ್ನು ತಂದಾಗ ಈ ಪ್ರವೃತ್ತಿ ಬಲಗೊಂಡಿತು. ಐಎಸ್‌ಎಸ್‌ಎನ್, ಐಎಸ್‌ಬಿಎನ್ ಸಂಖ್ಯೆಗಳು ಲೇಖನದ ವಸ್ತುವಿಗಿಂತ ಹೆಚ್ಚಿನ ಗೌರವ ಪಡೆದವು; ಹಣ ಕೊಟ್ಟರೆ ಪ್ರಕಟಿಸುವ ಪತ್ರಿಕೆಗಳು ಕನ್ನಡದಲ್ಲಿಯೂ ತಲೆಯೆತ್ತಿದವು. ೨೦೧೮ರ ನಿಯಮಾವಳಿ ಕಾಲೇಜು ಅಧ್ಯಾಪಕರ ಬಡ್ತಿಯಲ್ಲಿ ಅಂಕಗಳ ಭಾರವನ್ನು ತಗ್ಗಿಸಿತಾದರೂ ಅಷ್ಟರಲ್ಲಿ ಎಣಿಕೆ ನಮ್ಮ ಸ್ವಭಾವವಾಗಿತ್ತು. ಪತ್ರಿಕೆಗಳ ಗುಣಮಟ್ಟಕ್ಕೆಂದು ೨೦೧೯ರಲ್ಲಿ ಜಾರಿಗೆ ಬಂದ ಯುಜಿಸಿ ಕೇರ್ ಪಟ್ಟಿಯನ್ನು ೨೦೨೫ರ ಆರಂಭದಲ್ಲಿ ಕೈಬಿಡಲಾಯಿತು. ಪಟ್ಟಿಗಳು ಬಂದು ಹೋಗುತ್ತವೆ. ಲೇಖನ ಓದಿ ಗುಣವನ್ನು ತೀರ್ಮಾನಿಸುವ ಕೆಲಸವನ್ನು ಅವು ನಮ್ಮ ಪರವಾಗಿ ಮಾಡಲಾರವು.

ಇದಕ್ಕೆ ನ್ಯಾಕ್ ಮೌಲ್ಯಮಾಪನವೂ ಸೇರಿಕೊಂಡಿತು. ಕಾಲೇಜಿನ ಎಷ್ಟು ಅಧ್ಯಾಪಕರು ತರಬೇತಿಗಳಲ್ಲಿ ಭಾಗವಹಿಸಿದರೆಂಬುದು ಶೇಕಡಾವಾರು ಲೆಕ್ಕದಲ್ಲಿ ತುಂಬಬೇಕಾದ ಕೋಷ್ಟಕವಾಯಿತು. ಸಿಬ್ಬಂದಿ ವಾರ್ತೆಯ ಪುಟ ಆ ಕೋಷ್ಟಕದ ನಕಲಾದದ್ದು ಹೀಗೆ. ಅಧ್ಯಾಪಕರು ಏನು ಕಲಿತರು ಎಂಬ ಪ್ರಶ್ನೆಗೆ ಅಲ್ಲಿ ಅಂಕಣವಿಲ್ಲ.

ಈ ದೋಷದಿಂದ ನಾನೂ ಮುಕ್ತನಲ್ಲ. ೨೦೨೦ರ ಲಾಕ್‌ಡೌನ್ ಅವಧಿಯಲ್ಲಿ ಅನೇಕ ವೆಬಿನಾರ್‌ಗಳಿಗೆ ನೋಂದಾಯಿಸಿಕೊಂಡು, ಕೊನೆಯಲ್ಲಿ ಬರುವ ಅಭಿಪ್ರಾಯದ ನಮೂನೆಯನ್ನು ತುಂಬಿ ಪಡೆದ ಪ್ರಮಾಣಪತ್ರಗಳ ಕಡತವೊಂದು ನನ್ನಲ್ಲಿದೆ. ಅವುಗಳಲ್ಲಿ ಹೆಚ್ಚಿನವುಗಳ ಉಪನ್ಯಾಸದ ವಿಷಯವನ್ನು ಪ್ರಮಾಣಪತ್ರ ನೋಡದೆ ಹೇಳಲಾರೆ. ಆದರೆ ‘ಕಳ’ ಪದದ ಬಗ್ಗೆ ಆ ಹಿರಿಯರು ಹೇಳಿದ್ದು ನೆನಪಿದೆ.

೪. ಕನ್ನಡ ಅಧ್ಯಾಪಕರಿಗೆ ಬೇಕಾದುದೇನು?

ತರಬೇತಿಗಳ ವಿಷಯಗಳನ್ನು ಗಮನಿಸಿದರೆ ಬೋಧನ ವಿಧಾನ, ಒತ್ತಡ ನಿರ್ವಹಣೆ, ನಾಯಕತ್ವ, ಶಿಕ್ಷಣ ನೀತಿ ಮೊದಲಾದ ಸಾಮಾನ್ಯ ಸಂಗತಿಗಳೇ ಹೆಚ್ಚು. ಅವು ನಿರುಪಯುಕ್ತವೆಂದಲ್ಲ. ಆದರೆ ಕನ್ನಡ ಅಧ್ಯಾಪಕರ ತೊಡಕು ಬೇರೆಯೇ ಆಗಿದೆ. ಪದವಿ ತರಗತಿಗಳ ಕನ್ನಡ ಪಠ್ಯಗಳು ಕೆಲವೇ ವರ್ಷಗಳಿಗೊಮ್ಮೆ ಬದಲಾಗುತ್ತವೆ. ೨೦೨೧-೨೨ರಲ್ಲಿ ನೂತನ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದಾಗ ಹೊಸ ಪಠ್ಯಗಳು ಬಂದವು. ೨೦೨೪-೨೫ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಮತ್ತೊಮ್ಮೆ ಬದಲಾವಣೆಯಾಯಿತು. ಚಂಪೂ ಭಾಗ, ಶಾಸನ, ಷಟ್ಪದಿ, ಕೀರ್ತನೆ, ನವ್ಯಕವಿತೆ, ದಲಿತ ಆತ್ಮಕಥನ ಎಲ್ಲವನ್ನೂ ಒಬ್ಬರೇ ಪಾಠ ಮಾಡಬೇಕು. ತಾವು ಎಂ.ಎ.ಯಲ್ಲಿ ಓದದ ಪಠ್ಯವನ್ನು ನಾಳೆ ಬೆಳಿಗ್ಗೆ ಬೋಧಿಸಬೇಕಾದವರಿಗೆ ಅದನ್ನು ಪದಶಃ ಓದಿ ಚರ್ಚಿಸುವ ವೇದಿಕೆ, ನಾನು ಬಲ್ಲ ಕಾಲೇಜುಗಳಲ್ಲಂತೂ, ದೊರೆಯಲಿಲ್ಲ. ಬದಲಿಗೆ ದೊರೆತದ್ದು ಮಾರುಕಟ್ಟೆಯ ಗೈಡು.

ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದು ೨೦೦೮ರಲ್ಲಿ. ಆ ಸ್ಥಾನ ಉಳಿಯುವುದು ಹಳಗನ್ನಡವನ್ನು ನಿರಾಯಾಸವಾಗಿ ಓದಬಲ್ಲ ಅಧ್ಯಾಪಕರು ತಾಲ್ಲೂಕು ಕಾಲೇಜುಗಳಲ್ಲಿ ಇರುವವರೆಗೆ ಮಾತ್ರ. ಅನ್ವಯ, ಛಂದಸ್ಸು, ಪಾಠಾಂತರ ವಿವೇಚನೆ, ಶಾಸನಲಿಪಿಯ ಪರಿಚಯ, ಕ್ಷೇತ್ರಕಾರ್ಯದ ಕ್ರಮ, ಇವು ಕೈಯಿಂದ ಕೈಗೆ ಬರುವ ವಿದ್ಯೆಗಳು. ಒಬ್ಬರು ಓದುವಾಗ ಮತ್ತೊಬ್ಬರು ತಿದ್ದಿದರಷ್ಟೇ ಇವು ಬರುತ್ತವೆ. ಇನ್ನೂರು ಜನರ ಆನ್‌ಲೈನ್ ಉಪನ್ಯಾಸದಲ್ಲಿ ಬಾರವು.

ತಂತ್ರಜ್ಞಾನದ ತರಬೇತಿಯ ವಿಷಯದಲ್ಲೂ ಇದೇ ಮಾತು. ಕನ್ನಡ ವಿಭಾಗಗಳಲ್ಲಿ ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾದ ಟಿಪ್ಪಣಿಗಳು, ಪ್ರಬಂಧಗಳು ರಾಶಿಯಾಗಿ ಬಿದ್ದಿವೆ. ಅವನ್ನು ಯೂನಿಕೋಡಿಗೆ ತಂದರೆ ಹುಡುಕಬಹುದು, ಹಂಚಿಕೊಳ್ಳಬಹುದು. ಇಲ್ಲವಾದರೆ ಮತ್ತೊಂದು ಗಣಕಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳಾಗಿ ತೋರುತ್ತವೆ. ಇಂಥ ಸಣ್ಣ ಆದರೆ ತುರ್ತಿನ ಅಗತ್ಯಕ್ಕೆ ಎರಡು ದಿನದ ಕಾರ್ಯಾಗಾರ ಸಾಕು.

೫. ಹೊರಗುಳಿದವರು

ಈ ಚರ್ಚೆಯಲ್ಲಿ ಅತ್ಯಂತ ಗಂಭೀರವಾದ ಅಂಶ ಅತಿಥಿ ಉಪನ್ಯಾಸಕರದ್ದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠಪ್ರವಚನದ ದೊಡ್ಡ ಭಾಗವನ್ನು ಹೊತ್ತವರು ಅವರು. ೨೦೨೧ರ ಕೊನೆಯಲ್ಲಿ ಅವರು ತರಗತಿ ಬಹಿಷ್ಕರಿಸಿದಾಗ ಎಷ್ಟೋ ಕಾಲೇಜುಗಳಲ್ಲಿ ಪಾಠವೇ ನಿಂತುಹೋದದ್ದು ಇದಕ್ಕೆ ನಿದರ್ಶನ. ೨೦೨೨ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ ೨೬,೦೦೦ದಿಂದ ೩೨,೦೦೦ ರೂಪಾಯಿಗಳವರೆಗೆ ಏರಿಸಿತು. ಜೊತೆಗೆ ಒಬ್ಬರ ಕಾರ್ಯಭಾರವನ್ನು ವಾರಕ್ಕೆ ಹದಿನೈದು ಗಂಟೆಯವರೆಗೆ ಹೆಚ್ಚಿಸಿತು. ಇದ್ದವರ ಪಾಡು ತುಸು ಸುಧಾರಿಸಿತು. ಆದರೆ ಇಬ್ಬರ ಕೆಲಸ ಒಬ್ಬರಿಗೆ ಸಾಕಾದಾಗ ಇನ್ನೊಬ್ಬರು ಹೊರಬಿದ್ದರು. ಮೇಲೆ ಹೇಳಿದ ಹಿರಿಯರೂ ಹೀಗೆ ಹೊರಬಿದ್ದವರಲ್ಲಿ ಒಬ್ಬರು.

ಗೌರವಧನದ ಪ್ರಶ್ನೆಯನ್ನು ಅವರ ಸಂಘಟನೆಗಳು ಎತ್ತಿವೆ, ಎತ್ತುತ್ತಲೂ ಇವೆ. ವಿದ್ಯಾವಲಯ ಎತ್ತಬೇಕಾದ ಪ್ರಶ್ನೆ ಇನ್ನೊಂದಿದೆ. ಕಾಯಂ ಅಧ್ಯಾಪಕರು ಶಿಬಿರಕ್ಕೆ ಹೋದರೆ ಅನ್ಯಕಾರ್ಯ ನಿಮಿತ್ತ ರಜೆಯ ಸೌಲಭ್ಯವಿದೆ. ಅತಿಥಿ ಉಪನ್ಯಾಸಕರು ಹೋದರೆ ಆ ದಿನಗಳ ಗೌರವಧನವೇ ಅನುಮಾನ. ಬಡ್ತಿಯೇ ಇಲ್ಲದವರಿಗೆ ಬಡ್ತಿಗಾಗಿ ರೂಪುಗೊಂಡ ತರಬೇತಿಯಿಂದ ಪ್ರಯೋಜನವೇನು ಎಂದು ಕೇಳುವವರಿದ್ದಾರೆ. ತರಬೇತಿ ಇರುವುದು ಅಧ್ಯಾಪಕರ ಬಡ್ತಿಗೋ ವಿದ್ಯಾರ್ಥಿಯ ಓದಿಗೋ ಎಂಬುದು ಇದಕ್ಕೆ ಮರುಪ್ರಶ್ನೆ. ಕಾಯಂ ಅಧ್ಯಾಪಕರಿಂದಲೇ ಕಲಿಯಲಿ, ಅತಿಥಿ ಉಪನ್ಯಾಸಕರಿಂದಲೇ ಕಲಿಯಲಿ, ವಿದ್ಯಾರ್ಥಿಯ ಪಾಲಿಗೆ ಅದು ಒಂದೇ ಪಾಠ.

ಕಾಯಂ ಅಧ್ಯಾಪಕರ ಕಷ್ಟವನ್ನೂ ಇಲ್ಲಿ ಹೇಳಬೇಕು. ಎಷ್ಟೋ ಕಾಲೇಜುಗಳ ಕನ್ನಡ ವಿಭಾಗದಲ್ಲಿ ಒಬ್ಬರೇ ಕಾಯಂ ಅಧ್ಯಾಪಕರು. ಪರೀಕ್ಷೆ, ದಾಖಲಾತಿ, ವಿದ್ಯಾರ್ಥಿವೇತನ, ನ್ಯಾಕ್ ಕಡತ ಎಲ್ಲವೂ ಅವರ ಮೇಲೆ. ಹಿಂದಿನ ಯೋಜನಾವಧಿಗಳಲ್ಲಿ ಯುಜಿಸಿಯ ಫ್ಯಾಕಲ್ಟಿ ಇಂಪ್ರೂವ್‌ಮೆಂಟ್ ಕಾರ್ಯಕ್ರಮದಡಿ ಕಾಲೇಜು ಅಧ್ಯಾಪಕರು ವೇತನಸಹಿತ ಬಿಡುವು ಪಡೆದು ಪಿಎಚ್.ಡಿ. ಮುಗಿಸಲು ಸಾಧ್ಯವಿತ್ತು, ಅವರ ಜಾಗದಲ್ಲಿ ಪಾಠ ಮಾಡುವವರ ವೆಚ್ಚವೂ ಅದರಲ್ಲಿ ಸೇರಿತ್ತು. ಬದಲಿ ಅಧ್ಯಾಪಕರ ವ್ಯವಸ್ಥೆಯಿಲ್ಲದೆ ಅಧ್ಯಯನ ರಜೆಯ ಮಾತಾಡುವುದು ವಿದ್ಯಾರ್ಥಿಗಳ ಪಾಠವನ್ನು ಬಲಿಕೊಟ್ಟು ಅಧ್ಯಾಪಕರನ್ನು ಬೆಳೆಸಿದಂತೆ.

೬. ಕೆಲವು ಸಲಹೆಗಳು

ಅಂಕ, ಪ್ರಮಾಣಪತ್ರಗಳನ್ನು ತೆಗೆದುಹಾಕಿದರೆ ಅಧ್ಯಾಪಕರು ಏನನ್ನೂ ಮಾಡದೆ ಕುಳಿತುಬಿಡುತ್ತಾರೆ ಎಂಬ ಆಕ್ಷೇಪ ಇದ್ದೇ ಇದೆ. ಅದರಲ್ಲಿ ಸತ್ಯಾಂಶವೂ ಇದೆ. ಆದ್ದರಿಂದ ದಾಖಲೆ ಬೇಡವೆಂದು ಇಲ್ಲಿ ವಾದಿಸುತ್ತಿಲ್ಲ. ದಾಖಲಿಸಬೇಕಾದುದನ್ನು ದಾಖಲಿಸಬೇಕು ಎಂಬುದಷ್ಟೇ ನಿವೇದನೆ. ಇದಕ್ಕೆ ದೊಡ್ಡ ಅನುದಾನವೂ ಬೇಕಿಲ್ಲ.

ಮೊದಲನೆಯದಾಗಿ, ಸಿಬ್ಬಂದಿ ವಾರ್ತೆಯಲ್ಲಿ ಶಿಬಿರದ ಹೆಸರು ಮತ್ತು ದಿನಾಂಕದೊಂದಿಗೆ ‘ಇದರಿಂದ ತರಗತಿಗೆ ಬಂದದ್ದು’ ಎಂಬ ಎರಡು ಸಾಲು ಕಡ್ಡಾಯವಾಗಬೇಕು. ಬರೆಯಲು ಏನೂ ತೋಚದಿದ್ದರೆ ಆ ಖಾಲಿ ಜಾಗವೂ ಒಂದು ಪ್ರಾಮಾಣಿಕ ದಾಖಲೆಯೇ.

ಎರಡನೆಯದಾಗಿ, ಕಾಲೇಜಿನಲ್ಲಿ ಪಾಠ ಮಾಡುವ ಎಲ್ಲರ ಹೆಸರೂ ಕೆಲಸವೂ ಆ ಪುಟದಲ್ಲಿ ಬರಬೇಕು. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ; ಸಂಪಾದಕ ಮಂಡಳಿಯ ಮನಸ್ಸು ಸಾಕು.

ಮೂರನೆಯದಾಗಿ, ಸುತ್ತಲಿನ ನಾಲ್ಕೈದು ಕಾಲೇಜುಗಳ ಕನ್ನಡ ಅಧ್ಯಾಪಕರು ತಿಂಗಳಿಗೊಮ್ಮೆ ಸೇರಿ ಆ ವರ್ಷದ ಪಠ್ಯದ ಒಂದು ಭಾಗವನ್ನು ಪದಶಃ ಓದುವ ಕೂಟವನ್ನು ಕಟ್ಟಿಕೊಳ್ಳಬೇಕು. ನಿವೃತ್ತ ವಿದ್ವಾಂಸರು, ಗಮಕಿಗಳು, ಸಂಶೋಧನ ವಿದ್ಯಾರ್ಥಿಗಳು ಅಲ್ಲಿಗೆ ಬರಲಿ. ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳು ಇಂಥ ಕೂಟಗಳಿಗೆ ಮಾನ್ಯತೆ ನೀಡಿ, ಅಲ್ಲಿ ಸಿದ್ಧವಾದ ಟಿಪ್ಪಣಿಗಳನ್ನು ಪರಿಶೀಲಿಸಿ ಪ್ರಕಟಿಸಿದರೆ ಗೈಡುಗಳಿಗೆ ಉತ್ತರ ಸಿಗುತ್ತದೆ.

ನಾಲ್ಕನೆಯದಾಗಿ, ತರಗತಿಯಲ್ಲಿ ವಿದ್ಯಾರ್ಥಿಗಳು ಸಂಗ್ರಹಿಸಿದ ಪದ, ಹಾಡು, ಐತಿಹ್ಯ, ವೀರಗಲ್ಲಿನ ವಿವರಗಳಿಗೆ ಕಾಲೇಜು ಗ್ರಂಥಾಲಯದಲ್ಲಿ ದಾಖಲಾತಿ ಸಂಖ್ಯೆ ಕೊಟ್ಟು ಇಡುವ ವ್ಯವಸ್ಥೆ ಬೇಕು. ಅಧ್ಯಾಪಕರು ವರ್ಗವಾಗಬಹುದು, ಅತಿಥಿಗಳು ಹೊರಹೋಗಬಹುದು. ಸಂಖ್ಯೆ ಪಡೆದ ನೋಟ್‌ಬುಕ್ಕು ಉಳಿಯುತ್ತದೆ.

ಇವುಗಳಲ್ಲಿ ಯಾವುದೂ ಹೊಸದಲ್ಲ. ಸೆಂಟ್ರಲ್ ಕಾಲೇಜಿನ ಸಂಘವೂ ಉಡುಪಿಯ ಸಂಶೋಧನ ಕೇಂದ್ರವೂ ತಮ್ಮ ಕಾಲಕ್ಕೆ ಮಾಡಿದ್ದನ್ನು ನಮ್ಮ ಅಳತೆಗೆ ಇಳಿಸಿಕೊಳ್ಳುವ ಯತ್ನವಷ್ಟೆ. ಅಧ್ಯಾಪಕರ ವೃತ್ತಿ ಬೆಳವಣಿಗೆಯನ್ನು ಆಯೋಗ, ಇಲಾಖೆ, ಮೌಲ್ಯಮಾಪನ ಸಮಿತಿಗಳು ತಮ್ಮ ಕೋಷ್ಟಕಗಳಲ್ಲಿ ಅಳೆಯುತ್ತಲೇ ಇರುತ್ತವೆ. ಅದು ಅವುಗಳ ಕೆಲಸ. ನಮ್ಮದೇ ಸಂಚಿಕೆಯ ನಮ್ಮದೇ ಪುಟದಲ್ಲಿ ಏನನ್ನು ಬರೆಯಬೇಕು, ಯಾರನ್ನು ಬರೆಯಬೇಕು ಎಂಬ ತೀರ್ಮಾನವಾದರೂ ನಮ್ಮ ಕೈಯಲ್ಲಿದೆ. ಅಂದು ಹೊಡೆದುಹಾಕಿದ ಆ ನಾಲ್ಕು ಸಾಲುಗಳನ್ನು ಹಟ ಹಿಡಿದು ಉಳಿಸಿಕೊಳ್ಳಲಿಲ್ಲವೆಂಬ ಕೊರಗು ನನಗಿದೆ. ಈ ಬರಹವನ್ನು ಓದುವ ಅಧ್ಯಾಪಕ ಮಿತ್ರರಲ್ಲಿ ಹಲವರು ಈ ವರ್ಷವೂ ತಮ್ಮ ಕಾಲೇಜಿನ ಸಂಚಿಕೆಗೆ ಸಿಬ್ಬಂದಿ ವಾರ್ತೆ ಬರೆಯುವವರೇ. ಬರೆಯಲು ಕುಳಿತಾಗ ಪಕ್ಕದ ಕುರ್ಚಿಯಲ್ಲಿರುವವರ ಮೇಜಿನ ಮೇಲೆ ಯಾವ ನೋಟ್‌ಬುಕ್ಕು ಇದೆಯೆಂದು ಒಮ್ಮೆ ನೋಡಬೇಕೆಂಬುದು ನನ್ನ ವಿನಂತಿ.